ಹಳದಿ ಪಟ್ಟಿಗೆ ಹೊಟ್ಟೆ ಬಂತು

ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನಮ್ಮ ಸಾಫ್ಟ್‌ವೇರ್ ಟೀಮಿನ ಎಲ್ಲರ ಕೆಲಸವೂ 'ಆಲ್ಮೋಸ್ಟ್ ಆಯ್ತು ಸಾರ್' ಸ್ಥಿತಿಯಲ್ಲಿರುತ್ತದೆ. ನಿನ್ನೆಯೂ ಹಾಗೇ ಇತ್ತು, ನಾಳೆಯೂ ಹಾಗೇ ಇರುತ್ತದೆ. ಕೇಳಿ ಕೇಳಿ ಸಾಕಾದ ಮ್ಯಾನೇಜರ್, ಇನ್ನು ಮಾತು ಬೇಡ, ಚಾರ್ಟ್ ತೋರಿಸಿ ಎಂದರು.

ಮೊದಲು ಬಂದದ್ದು ಬರ್ನ್‌ಡೌನ್. ಉಳಿದ ಕೆಲಸದ ಗೆರೆ ದಿನದಿನಕ್ಕೂ ಇಳಿಯುತ್ತಾ ಬರಬೇಕು. ನಮ್ಮದು ಸ್ಪ್ರಿಂಟ್ (ಒಂದು ಕಂತಿನ ಕೆಲಸಕ್ಕೆ ಇಟ್ಟ ಗಡುವು) ಪೂರ್ತಿ ಅಡ್ಡಡ್ಡ ಮಲಗಿದ್ದು, ಕೊನೇ ದಿನ ಸಂಜೆ ಕಾಫಿ ಹೊತ್ತಿಗೆ ಧೊಪ್ಪಂತ ಬೀಳುತ್ತಿತ್ತು. ಆಗ ಕೆಲಸ ಮುಗಿದಿರುತ್ತಿರಲಿಲ್ಲ. ಎಲ್ಲರಿಗೂ ಒಟ್ಟಿಗೆ, ಕೆಲಸಕ್ಕೊಂದರಂತೆ ಬೋರ್ಡಿನಲ್ಲಿರುವ ಕಾರ್ಡನ್ನು 'ಮುಗಿದಿದೆ' ಕಾಲಮ್ಮಿಗೆ ಸರಿಸುವ ನೆನಪಾಗಿರುತ್ತಿತ್ತು, ಅಷ್ಟೇ. ಒಮ್ಮೆಯಂತೂ ಕ್ಲೈಂಟ್ 'ಇದೊಂದು ಚಿಕ್ಕದು' ಅಂತ ಸೇರಿಸಿ ಸೇರಿಸಿ ಗೆರೆ ಮೇಲಕ್ಕೇ ಹೋಯಿತು.

ಆಮೇಲೆ ಬಂತು ಕ್ಯುಮುಲೇಟಿವ್ ಫ್ಲೋ ಚಾರ್ಟ್. ಒಂದರ ಮೇಲೊಂದು ಬಣ್ಣದ ಪಟ್ಟಿ, ಕೆಲಸದ ಒಂದೊಂದು ಹಂತಕ್ಕೆ ಒಂದೊಂದು. "ನೋಡ್ರಿ, ಹೆಂಗೆ ಮೇಲೆ ಹೋಗ್ತಿದೆ!" ಎಂದು ಮ್ಯಾನೇಜರ್ ಖುಷಿಪಟ್ಟರು. ಅದು ಮೊದಲ ದಿನದಿಂದ ಕೂಡಿಸುತ್ತಾ ಬಂದ ಲೆಕ್ಕ. ನಾವೆಲ್ಲ ಮನೆಯಲ್ಲಿ ಮಲಗಿದ್ದರೂ ಇಳಿಯುವುದಿಲ್ಲ. ಅದನ್ನು ಅವರಿಗೆ ಹೇಳೋರು ಯಾರು?

ನೋಡಬೇಕಾದದ್ದು ಪಟ್ಟಿಯ ದಪ್ಪ. ಮೇಲಿಂದ ಕೆಳಕ್ಕೆ ಅಳೆದರೆ ಆ ಹಂತದಲ್ಲಿ ಎಷ್ಟು ಕೆಲಸ ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತದೆ. ಅಡ್ಡಕ್ಕೆ ಅಳೆದರೆ, ಒಳಗೆ ಹೋದ ಕೆಲಸ ಹೊರಗೆ ಬರಲು ಸುಮಾರು ಎಷ್ಟು ದಿನ ಅಂತ. 1961ರಲ್ಲಿ ಜಾನ್ ಲಿಟಲ್ ಎಂಬುವರು ಕ್ಯೂಗಳ ಬಗ್ಗೆ ಸಾಬೀತು ಮಾಡಿದ ಲೆಕ್ಕವೇ ಇದರ ಹಿಂದಿರೋದು: ಕೈಯಲ್ಲಿ 30 ಕೆಲಸ ಇದ್ದು, ದಿನಕ್ಕೆ 3 ಮುಗಿಯುತ್ತಿದ್ದರೆ, ಒಂದಕ್ಕೆ ಸರಾಸರಿ 10 ದಿನ. ಇಲ್ಲಿ 'ಆಲ್ಮೋಸ್ಟ್' ನಡೆಯಲ್ಲ.

ನಮ್ಮ ಚಾರ್ಟಿನಲ್ಲಿ ಟೆಸ್ಟಿಂಗಿನ ಹಳದಿ ಪಟ್ಟಿಗೆ ಹೊಟ್ಟೆ ಬಂದಿತ್ತು. ಕೋಡ್ ಬರೆಯೋರು ಒಂದು ದಂಡು, ಟೆಸ್ಟ್ ಮಾಡೋರು ಒಬ್ಬರೇ ಮೇಡಂ. "ಟೆಸ್ಟಿಂಗ್ ಚೆನ್ನಾಗಿ ಬೆಳೀತಿದೆ" ಎಂದರು ಮ್ಯಾನೇಜರ್. ಮೇಡಂ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಬೆಳೀತಿಲ್ಲ ಸಾರ್, ಕೊಳೀತಿದೆ."

ಕೊನೆಗೆ ಮಿತಿ ಹಾಕಿದರು: ಟೆಸ್ಟಿಂಗ್‌ನಲ್ಲಿ ಒಂದು ಹೊತ್ತಿಗೆ ಐದೇ ಕಾರ್ಡ್. ತುಂಬಿದ್ದರೆ ಹೊಸ ಕೋಡ್ ಬರೆಯೋದು ಬಿಟ್ಟು ಎಲ್ಲರೂ ಟೆಸ್ಟಿಂಗಿಗೆ ಕೈ ಹಾಕಬೇಕು. ಒಳ್ಳೇ ನಿಯಮ, ನಿಜವಾಗಿಯೂ. ಮರುದಿನ ನೋಡಿದರೆ ಟೆಸ್ಟಿಂಗ್‌ನಲ್ಲಿ ಸರಿಯಾಗಿ ಐದೇ ಕಾರ್ಡ್. ಅದರ ಪಕ್ಕ ಬೋರ್ಡಿನಲ್ಲಿ ಯಾರೋ ಹೊಸ ಕಾಲಮ್ ಮಾಡಿದ್ದರು: 'ಟೆಸ್ಟಿಂಗ್‌ಗೆ ರೆಡಿ'. ಚಾರ್ಟಿನಲ್ಲಿ ಹಳದಿಯ ಮೇಲೆ ಗುಲಾಬಿ ಪಟ್ಟಿಯೊಂದು ಹುಟ್ಟಿ, ಆಗಲೇ ಊದಿಕೊಳ್ಳುತ್ತಿತ್ತು. ಮ್ಯಾನೇಜರಿಗೆ ಆ ಬಣ್ಣ ತುಂಬಾ ಹಿಡಿಸಿತು.