ಅತ್ತೆಯ ಕೂಲಿಯನ್ನೂ ಬೆಲೆಯಲ್ಲಿ ಬರೆಯಿರಿ

ಕೈಯಿಂದ ತಂತಿಯ ಆಭರಣ ಮಾಡಿ ಮಾರುವ ನಮ್ಮಂಥ ಮನೆಗಳ ಬಗ್ಗೆ ಜನ ಮೆಚ್ಚುಗೆಯಿಂದ ಆಡುವ ಮಾತೊಂದಿದೆ: "ಮನೆಮಂದಿಯೆಲ್ಲ ಕೂತು ಮಾಡುತ್ತೀರಿ, ನಿಮಗೇನು ಖರ್ಚು?" ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಈ ಕಸುಬನ್ನು ಬೇರೂರದಂತೆ ಮಾಡುತ್ತಿರುವುದು ಇದೇ ಮಾತು, ಮತ್ತು ಅದನ್ನು ಗಿರಾಕಿಗಳಿಗಿಂತ ಹೆಚ್ಚಾಗಿ ನಂಬಿರುವವರು ನಾವೇ, ಅಂದರೆ ಮಾಡುವವರು. ಇಳಕಲ್ಲಿನಲ್ಲಿ ಕುಳಿತು ತಾಮ್ರದ ತಂತಿಯಲ್ಲಿ ಓಲೆ, ಜುಮುಕಿ, ಪದಕ ಹೆಣೆಯುವವಳಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಲೋಹದ ಲೆಕ್ಕ ನೋಡೋಣ. ನಮ್ಮಲ್ಲಿ ಮೋಟಾರು ಕಟ್ಟುವ ಅಂಗಡಿಗಳಲ್ಲಿ ಸಿಗುವ ತಂತಿಯ ಗೇಜ್, ಅಂದರೆ ದಪ್ಪ ಸೂಚಿಸುವ ಸಂಖ್ಯೆ, ಬ್ರಿಟಿಷ್ ಅಳತೆಯದು; ಅದರಲ್ಲಿ 20 ಗೇಜ್ ಎಂದರೆ 0.91 ಮಿಲಿಮೀಟರ್ ದಪ್ಪ. ಅಮೆರಿಕದ ಅಳತೆಯಲ್ಲಿ ಅದೇ 20 ಗೇಜ್ 0.81 ಮಿಲಿಮೀಟರ್ ಆಗುವುದರಿಂದ ಯೂಟ್ಯೂಬ್ ನೋಡಿ ಕಲಿಯುವವರು ಸಂಖ್ಯೆಯನ್ನು ನಂಬದೆ ಮಿಲಿಮೀಟರನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ಬ್ರಿಟಿಷ್ ಅಳತೆಯ 20 ಗೇಜ್ ತಾಮ್ರ ಒಂದು ಮೀಟರಿಗೆ ಸುಮಾರು 6 ಗ್ರಾಂ ತೂಗುತ್ತದೆ, ಹೆಣಿಗೆಗೆ ಬಳಸುವ 28 ಗೇಜ್ ಮೀಟರಿಗೆ ಹೆಚ್ಚು ಕಡಿಮೆ 1 ಗ್ರಾಂ. ಒಂದು ಜೊತೆ ಹೆಣೆದ ಓಲೆಗೆ ದಪ್ಪ ತಂತಿ ಅರ್ಧ ಮೀಟರ್, ಸಣ್ಣ ತಂತಿ ನಾಲ್ಕು ಮೀಟರ್ ಹೋಗುತ್ತದೆ ಎಂದು ಹಿಡಿಯಿರಿ. ಒಟ್ಟು ತಾಮ್ರ 7 ಗ್ರಾಂ. ಕಿಲೋ ಸಾವಿರದ ಮೇಲಿದ್ದರೂ ಹತ್ತು ರೂಪಾಯಿಯ ಆಸುಪಾಸಿನ ಮಾತಾಯಿತು.

ಮಣಿ, ಡಬ್ಬಿ, ಕಾರ್ಡು ಎಲ್ಲ ಸೇರಿಸಿದರೂ ಸಾಮಗ್ರಿ 50 ರೂಪಾಯಿ ದಾಟುವುದಿಲ್ಲ. ನಾನು ಆ ಜೊತೆಯನ್ನು 350ಕ್ಕೆ ಮಾರುತ್ತೇನೆ. ಉಳಿದ 300ರಲ್ಲಿ 240 ರೂಪಾಯಿ ಮೂರು ತಾಸಿನ ಕೂಲಿ, 60 ರೂಪಾಯಿ ಉಪಕರಣದ ಸವಕಳಿ, ಕೆಟ್ಟುಹೋದ ತಂತಿ, ಜಾತ್ರೆಯ ಜಾಗದ ಬಾಡಿಗೆ ಮತ್ತು ಬಸ್ಸಿನ ಖರ್ಚು. ತಾಸಿಗೆ 80 ರೂಪಾಯಿ ಎಂದರೆ ಎಂಟು ತಾಸಿಗೆ 640. ಕೈಕಸುಬು ಬಲ್ಲವರಿಗೆ ಇದು ದೊಡ್ಡ ಪಗಾರವೇನಲ್ಲ.

ಆದರೂ ಅಂಗಡಿಯ ಮುಂದೆ ನಿಂತವರು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾರ, ತಾಮ್ರದ ತಂತಿಗೆ ಮುನ್ನೂರೈವತ್ತಂದ್ರ ಹ್ಯಾಂಗ್ರೀ?" ಅವರನ್ನು ದೂರಿ ಫಲವಿಲ್ಲ. ಪತ್ತಾರರ, ಅಂದರೆ ಅಕ್ಕಸಾಲಿಗರ, ಅಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಕಲಿತದ್ದು ತೂಕದ ಭಾಷೆ. ಬೋರಮಾಳವಾಗಲಿ, ಪಾಟಲಿಯಾಗಲಿ, ಮೊದಲು ತಕ್ಕಡಿ, ಆಮೇಲೆ ಆ ದಿನದ ದರ, ಕೊನೆಗೆ ಮಜೂರಿ. ಅದರಲ್ಲಿಯೂ ಮಜೂರಿಯಲ್ಲಿ ಎಷ್ಟು ಇಳಿಸಿದೆವು ಎಂಬುದೇ ಮನೆಗೆ ಬಂದು ಹೇಳಿಕೊಳ್ಳುವ ಸುದ್ದಿ. ಬಂಗಾರದಲ್ಲಿ ಅದು ನಡೆಯುತ್ತದೆ, ಏಕೆಂದರೆ ಬೆಲೆಯ ಬಹುಪಾಲು ಲೋಹದಲ್ಲೇ ಇದೆ, ಮತ್ತು ಕಷ್ಟಕಾಲಕ್ಕೆ ಅದನ್ನು ಮಾರಬಹುದು. ತಾಮ್ರದ ಓಲೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ಮಜೂರಿಯೇ ಒಡವೆ, ಲೋಹ ನೆಪಕ್ಕೆ. ಇಲ್ಲಿ ಮಜೂರಿಯನ್ನು ಚೌಕಾಸಿ ಮಾಡಿದರೆ ಇಳಿಸಲು ಬೇರೇನೂ ಉಳಿಯುವುದಿಲ್ಲ.

ಆ ಮೂರು ತಾಸು ಯಾರದು ಎಂಬುದು ಮುಂದಿನ ಪ್ರಶ್ನೆ. ನಮ್ಮ ಮನೆಯಲ್ಲಿ ಸಣ್ಣ ತಂತಿಯನ್ನು ಸ್ವೆಟರ್ ಹೆಣೆಯುವ ಕಡ್ಡಿಯ ಮೇಲೆ ಸುರುಳಿ ಸುತ್ತುವವರು ನನ್ನ ಅತ್ತೆ. ಮಗ್ಗದ ಮನೆಯಲ್ಲಿ ಬೆಳೆದು, ವರ್ಷಾನುಗಟ್ಟಲೆ ನೂಲಿನ ಕಂಡಿಕೆ ಸುತ್ತಿದ ಕೈ ಅದು. ಎಡಗೈ ಹೆಬ್ಬೆರಳಿನ ಉಗುರಿನಿಂದ ತಂತಿಯನ್ನು ಒತ್ತಿ ಹಿಡಿದು ಬಲಗೈಯಿಂದ ಕಡ್ಡಿ ತಿರುಗಿಸುತ್ತಾ ಹೋದರೆ, ಸುತ್ತು ಸುತ್ತಿನ ನಡುವೆ ಕೂದಲೆಳೆ ತೂರುವಷ್ಟೂ ಸಂದು ಬೀಳುವುದಿಲ್ಲ. ನಾನು ಚೌಕಟ್ಟು ಬಾಗಿಸಿ ಹೆಣೆಯುತ್ತೇನೆ. ತಾಮ್ರದ ಗುಣವೆಂದರೆ ಬಾಗಿಸಿದಷ್ಟೂ ಬಿರುಸಾಗುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಿದ್ದಲು ಹೋದರೆ ಪಟ್ಟನೆ ಮುರಿಯುತ್ತದೆ. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಕಪ್ಪಡರಿದ ಮೈಯನ್ನು ಹುಣಸೆ ಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ. ಪತ್ತಾರರು ಕಂಬಚ್ಚೆಂಬ ಉಕ್ಕಿನ ಪಟ್ಟಿಯ ತೂತುಗಳಲ್ಲಿ ತಂತಿ ಎಳೆದು ಸಣ್ಣಗೆ ಮಾಡುವಾಗ ನಡುನಡುವೆ ಕಾಯಿಸುವುದೂ ಇದೇ ಕಾರಣಕ್ಕೆ.

ಗ್ರಾನೈಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಮೇಲೆ ನನ್ನ ಯಜಮಾನರು ಕಿವಿಯ ಕೊಂಡಿಗಳ ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡುತ್ತಾರೆ. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಕಟರ್ ಬಿಟ್ಟುಹೋದ ಒಂದು ಸಣ್ಣ ಮುಳ್ಳು ಸಾಕು, ಕಿವಿಯೂ ಹರಿಯುತ್ತದೆ, ಸೀರೆಯೂ ಜಗ್ಗುತ್ತದೆ. ಹೀಗಾಗಿ ಹಳೆಯ ಇಳಕಲ್ಲ ಸೀರೆಯ ರೇಷ್ಮೆ ಸೆರಗಿನ ತುಂಡೊಂದನ್ನು ಇಟ್ಟುಕೊಂಡಿದ್ದೇವೆ. ಪ್ರತಿ ಓಲೆಯನ್ನೂ ಅದರ ಮೇಲೆ ಎಳೆದು ನೋಡುತ್ತೇವೆ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಓಲೆ ಮತ್ತೆ ಅರದ ಕೆಳಗೆ ಹೋಗುತ್ತದೆ. ನಮ್ಮ ಗಿರಾಕಿಗಳು ಅದನ್ನು ತೊಡುವುದು ಅಂಥದ್ದೇ ಸೆರಗಿನ ಪಕ್ಕದಲ್ಲಿ ತಾನೆ.

ಹೀಗೆ ಮೂವರ ಕೈ ಸೇರಿದ ಕೆಲಸಕ್ಕೆ ಒಬ್ಬಳ ಕೂಲಿ ಬರೆದರೆ ಅದು ಸುಳ್ಳು ಬೆಲೆ. ಆದ್ದರಿಂದ ನಾನೊಂದು ವಹಿಯಲ್ಲಿ ಮೂವರ ತಾಸುಗಳನ್ನೂ ಬೇರೆ ಬೇರೆಯಾಗಿ ಬರೆದು, ತಿಂಗಳ ಕೊನೆಗೆ ಅವರವರ ಪಾಲನ್ನು ಅವರವರ ಕೈಗೆ ಕೊಡತೊಡಗಿದೆ. ದೊಡ್ಡ ವಿರೋಧ ಬಂದದ್ದು ಅತ್ತೆಯಿಂದಲೇ. "ನಮ್ಮನಿ ಕೆಲಸಕ್ಕ ನನಗ ಪಗಾರ ಕೊಡತೀಯೇನ? ನಾ ಏನ ಆಳಾ?" ಎಂದು ಎರಡು ದಿನ ಮಾತು ಬಿಟ್ಟರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಏಕೆಂದರೆ ಮನೆಯೊಳಗೆ ದುಡ್ಡಿನ ಲೆಕ್ಕ ಬಂದರೆ ಪ್ರೀತಿ ಹೋಗುತ್ತದೆ ಎಂದು ನಂಬಿ ಬದುಕಿದ ತಲೆಮಾರು ಅದು. ಈಗ ಅವರ ಪಾಲು ಅಂಚೆ ಕಚೇರಿಯ ಅವರ ಖಾತೆಗೆ ಹೋಗುತ್ತದೆ. ಪಗಾರ ಎಂಬ ಮಾತನ್ನು ಅವರು ಇಂದಿಗೂ ಒಪ್ಪಿಲ್ಲ, ಪಾಸ್‌ಬುಕ್ಕನ್ನು ಮಾತ್ರ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ.

ಇದನ್ನು ಇಷ್ಟು ಹಟ ಹಿಡಿದು ಮಾಡಲು ಕಾರಣ ನಮ್ಮ ಊರಿನ ಮಗ್ಗಗಳೇ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು (ಮಗ್ಗದ ಉದ್ದಕ್ಕೆ ಹೂಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಹಾಸು ಹೂಡುವುದು, ಕಂಡಿಕೆ ಸುತ್ತುವುದು, ಎಳೆ ಕೂಡಿಸುವುದು ಇವೆಲ್ಲ ಮನೆಯ ಹೆಂಗಸರು ಮತ್ತು ಮುದುಕರ ಪಾಲಿಗೆ ಬಂದ ಕೆಲಸಗಳು, ಆದರೆ ಸೀರೆ ನೇಯಿಸುವ ಸಾವಕಾರ ಕೊಡುವ ಕೂಲಿ ಸೀರೆಗೆ ಇಷ್ಟು ಎಂದು ಮಗ್ಗದಲ್ಲಿ ಕೂತವನ ಕೈಗೆ ಬರುತ್ತದೆ. ಮನೆಯಲ್ಲಿ ಕೈಗಳು ಇರುವವರೆಗೆ ಈ ವ್ಯವಸ್ಥೆ ನಡೆಯಿತು. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ, ಗಂಡುಮಕ್ಕಳು ಕಾಲೇಜಿಗೆ ಹೋದ ಮೇಲೆ ಅದೇ ಕೆಲಸಕ್ಕೆ ಹೊರಗಿನವರನ್ನು ಕರೆಯಬೇಕಾದಾಗ ಸೀರೆಯ ಕೂಲಿ ಸಾಲದಾಯಿತು. ಪವರ್‌ಲೂಮಿನ ಪೈಪೋಟಿ ದೊಡ್ಡದೇ, ಒಪ್ಪುತ್ತೇನೆ. ಆದರೆ ಲೆಕ್ಕಕ್ಕೆ ಸಿಗದ ಈ ಕೂಲಿಯೂ ಕೈಮಗ್ಗವನ್ನು ಒಳಗಿನಿಂದ ತಿಂದಿದೆ. ನಾಳೆ ನನ್ನ ಅತ್ತೆಗೆ ಕಣ್ಣು ಮಂಜಾದರೆ ಸುರುಳಿ ಸುತ್ತಲು ಇನ್ನೊಬ್ಬರನ್ನು ಕರೆಯಬೇಕು, ಅವರಿಗೆ ಕೊಡಬೇಕಾದ ದುಡ್ಡು ಇವತ್ತಿನ ಬೆಲೆಯಲ್ಲೇ ಇರಬೇಕು.

ಮನೆಯವರು ಎಂದಾಗ ಮಕ್ಕಳ ಮಾತೂ ಬರುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಪಾಯವಿಲ್ಲದ ಕುಟುಂಬದ ಉದ್ಯೋಗದಲ್ಲಿ ಮಕ್ಕಳು ಶಾಲೆಯ ಸಮಯದ ಆಚೆ ಅಥವಾ ರಜೆಯಲ್ಲಿ ನೆರವಾಗಬಹುದು. ಕಾನೂನು ಬಿಟ್ಟ ಸಂದನ್ನೆಲ್ಲ ಬಳಸಿಕೊಳ್ಳಬೇಕೆಂದಿಲ್ಲ. ಕತ್ತರಿಸಿದ ತಂತಿಯ ತುಣುಕು ಸಿಡಿದು ನೇರ ಕಣ್ಣಿಗೆ ಹಾರುತ್ತದೆ, ದೊಡ್ಡವರೂ ಕನ್ನಡಕ ಹಾಕಿಕೊಂಡೇ ಕೂರಬೇಕು. ಮೋಟಾರಿಗೆ ಸುತ್ತುವ ವೈಂಡಿಂಗ್ ತಂತಿಯ ಎನಾಮೆಲ್ ಲೇಪವನ್ನು ಒಲೆಯಲ್ಲಿ ಸುಟ್ಟು ತೆಗೆಯುವವರೂ ಇದ್ದಾರೆ. ಆ ಹೊಗೆ ಮಕ್ಕಳಿರುವ ಮನೆಗೆ ತಕ್ಕದ್ದಲ್ಲ, ಲೇಪವಿಲ್ಲದ ತಂತಿಯನ್ನೇ ಕೇಳಿ ತರಬೇಕು. ನನ್ನ ಮಗಳು ಬಣ್ಣದ ಜೋಡಣೆ ಹೇಳುತ್ತಾಳೆ, ಇಕ್ಕಳ ಹಿಡಿಯುವುದಿಲ್ಲ.

ಸರ್ಕಾರದ ದೃಷ್ಟಿಯೂ ಒಬ್ಬರ ಮೇಲೆಯೇ ನಿಂತಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಉಪಕರಣಕ್ಕೆ 15,000 ರೂಪಾಯಿ ಇದೆ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲವಿದೆ. ಒಳ್ಳೆಯದೇ. ಅಕ್ಕಸಾಲಿಗರು ಆ ಪಟ್ಟಿಯಲ್ಲಿದ್ದಾರೆ, ತಂತಿ ಹೆಣೆಯುವವರ ಹೆಸರಿಲ್ಲ, ಅದಿರಲಿ. ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳನ್ನು ಒಂದು ಕುಟುಂಬವೆಂದು ಹಿಡಿದು, ಅದರಲ್ಲಿ ಒಬ್ಬರಿಗೆ ಮಾತ್ರ ನೋಂದಣಿ ಎಂಬ ನಿಯಮ ನನಗೆ ಒಪ್ಪಿಗೆಯಿಲ್ಲ. ಸಾಲವನ್ನು ಮನೆಗೊಂದೇ ಕೊಡಲಿ, ಕುಶಲಕರ್ಮಿ ಎಂಬ ಗುರುತಿನ ಚೀಟಿಯನ್ನಾದರೂ ದುಡಿಯುವ ಪ್ರತಿಯೊಬ್ಬರಿಗೂ ಕೊಡಬಹುದಲ್ಲ. ಒಂದೇ ಚೀಟಿ ಬಂದರೆ ಅದು ಯಾರ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೂರ್ಣ ಬೆಲೆ ಕೇಳುವವರು ಪೂರ್ಣ ಸತ್ಯವನ್ನೂ ಹೇಳಬೇಕು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದ ವಾರಗಟ್ಟಲೆ ಅಂಗಡಿಗಳು ಇರುತ್ತವೆ; ಅಲ್ಲಿ ನಮ್ಮ ಪಕ್ಕದಲ್ಲೇ ಯಂತ್ರದ ಓಲೆಗಳು 50 ರೂಪಾಯಿಗೆ ಸಿಗುತ್ತವೆ. ಕೊಳ್ಳುವವರು ಕೊಳ್ಳಲಿ. ನನ್ನ ಹತ್ತಿರ ಬಂದವರಿಗೆ ಮಾತ್ರ, ಬೆವರು ತಾಗಿದರೆ ತಾಮ್ರ ಚರ್ಮದ ಮೇಲೆ ಹಸಿರು ಕಲೆ ಬಿಡುತ್ತದೆ, ಸಾಬೂನು ಹಚ್ಚಿದರೆ ಹೋಗುತ್ತದೆ ಎಂದು ಮೊದಲೇ ಹೇಳುತ್ತೇನೆ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿ ಇರುವುದಿಲ್ಲ, ಇರುವುದು ತಾಮ್ರ, ನಿಕ್ಕಲ್ ಮತ್ತು ಸತು; ನಿಕ್ಕಲ್ ತಾಗಿದರೆ ಕಿವಿ ಕೆರೆದು ಸೋರುವವರು ಬಹಳ. ಅಂಥವರಿಗೆ ಬೆಳ್ಳಿಯ ಕೊಂಡಿ ಹಾಕಿಕೊಡುತ್ತೇನೆ, ಬೆಳ್ಳಿಗೆ ಆ ದಿನದ ದರವನ್ನೇ ಹಿಡಿಯುತ್ತೇನೆ. ಅಲ್ಲಿ ತಕ್ಕಡಿಯ ಭಾಷೆ ಸರಿಹೋಗುತ್ತದೆ.

ಇನ್ನು ಸಗಟು ಕೊಳ್ಳುವವರ ವಿಷಯ. ನೂರು ಜೊತೆ ಕೊಂಡರೆ ಅರ್ಧ ಬೆಲೆಗೆ ಕೊಡುತ್ತೀರಾ ಎಂದು ಮೆಸೇಜು ಮಾಡುವವರಿಗೆಲ್ಲ ಇಲ್ಲಿಯೇ ಉತ್ತರ ಕೊಟ್ಟುಬಿಡುತ್ತೇನೆ. ಅಚ್ಚಿನಲ್ಲಿ ಎರಕ ಹೊಯ್ಯುವ ಕೆಲಸದಲ್ಲಿ ನೂರನೆಯದು ಅಗ್ಗವಾಗುತ್ತದೆ, ಏಕೆಂದರೆ ಅಚ್ಚಿನ ಖರ್ಚು ನೂರಕ್ಕೆ ಹಂಚಿಹೋಗುತ್ತದೆ. ಹೆಣಿಗೆಯಲ್ಲಿ ನೂರನೆಯ ಜೊತೆಗೂ ಮೂರು ತಾಸೇ ಬೇಕು. ಡಬ್ಬಿ, ಸಾಗಾಟ, ಜಾತ್ರೆಯ ಬಾಡಿಗೆ ಉಳಿಯುವುದರಿಂದ ಜೊತೆಗೆ 40 ರೂಪಾಯಿಯವರೆಗೆ ಬಿಡಬಲ್ಲೆ. ಅದಕ್ಕಿಂತ ಕೆಳಗೆ ಇಳಿಸಬೇಕಾದರೆ ಅತ್ತೆಯ ಪಾಸ್‌ಬುಕ್ಕಿನಿಂದ ತೆಗೆಯಬೇಕಾಗುತ್ತದೆ, ಅವರು ಕೀಲಿ ಕೊಡುವುದಿಲ್ಲ.