ಬಾಣಂತನ ಅವರಲ್ಲೂ ಇತ್ತು

ಅಮೆರಿಕದ ಅಟ್ಲಾಂಟಾದಲ್ಲಿ ಕನ್ನಡಿಗರ ಮನೆಯಲ್ಲಿ ಮಗು ಹುಟ್ಟಿತು ಅಂದರೆ ಒಂದು ಮಾತು ಬಂದೇ ಬರುತ್ತದೆ. "ಈ ದೇಶದವರಿಗೆ ಬಾಣಂತನ ಅಂದ್ರೆ ಏನು ಅಂತಲೇ ಗೊತ್ತಿಲ್ಲ. ಹೆತ್ತ ವಾರಕ್ಕೇ ಮಗು ಎತ್ತಿಕೊಂಡು ಮಾಲ್‌ಗೆ ಹೊರಡ್ತಾರೆ." ಹೇಳುವವರು ಊರಿಂದ ಬಂದ ಅಮ್ಮಂದಿರು. ಕೇಳುವವಳು ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಅಂಟಿನುಂಡೆ ತಿನ್ನುತ್ತಾ ಕೂತ ಮಗಳು. ನಾನೂ ಹಾಗೆ ಕೂತವಳೇ.

ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ "ಈ ದೇಶದವರು" ಅಂದಾಗ ನಮ್ಮವರ ಕಣ್ಣಿಗೆ ಬರುವುದು ಬಿಳಿಯರು ಮಾತ್ರ. ಅಟ್ಲಾಂಟಾ ನಗರದಲ್ಲಿ ಸುಮಾರು ಅರ್ಧದಷ್ಟು ಜನ ಕಪ್ಪು ಅಮೆರಿಕನ್ನರು. ಅವರಲ್ಲಿ ಬಾಣಂತನವೂ ಇತ್ತು, ಸೂಲಗಿತ್ತಿಯರೂ ಇದ್ದರು. ಇಲ್ಲಿನ ಸರ್ಕಾರ ಮತ್ತು ವೈದ್ಯರು ಸೇರಿ ಅದನ್ನು ಅವರ ಕೈಯಿಂದ ತಪ್ಪಿಸಿದರು. ಆ ಕಥೆ ಗೊತ್ತಾದ ಮೇಲೆ ನಮ್ಮ ಬಾಣಂತನದ ಬಗ್ಗೆಯೂ ನನಗೆ ಬೇರೆ ಥರ ಅನಿಸತೊಡಗಿತು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಯ ಕಾಲದಿಂದಲೂ ಹೆರಿಗೆ ಮಾಡಿಸುತ್ತಿದ್ದವರು ಹೆಚ್ಚಾಗಿ ಕಪ್ಪು ಹೆಂಗಸರೇ. 'ಗ್ರ್ಯಾನಿ ಮಿಡ್‌ವೈಫ್', ಅಂದರೆ ಸೂಲಗಿತ್ತಿ ಅಜ್ಜಿ, ಅಂತ ಕರೆಯುತ್ತಿದ್ದರು. ಬಡ ಬಿಳಿಯರ ಮನೆಗೂ ಅವರೇ ಹೋಗುತ್ತಿದ್ದರು. ಮಗು ಹಿಡಿಯುವುದಷ್ಟೇ ಅವರ ಕೆಲಸವಲ್ಲ. ಬಾಣಂತಿಗೆ ಅಡುಗೆ, ಬಟ್ಟೆ ಒಗೆಯುವುದು, ದೊಡ್ಡ ಮಕ್ಕಳನ್ನು ನೋಡಿಕೊಳ್ಳುವುದು, ಎಲ್ಲ ಸೇರಿತ್ತು. ದುಡ್ಡಿಲ್ಲದವರು ಕೋಳಿ, ತರಕಾರಿ ಕೊಟ್ಟು ಕಳಿಸುತ್ತಿದ್ದರು. ನೋವು ಕತ್ತರಿಸಲಿ ಅಂತ ಮಂಚದ ಕೆಳಗೆ ಕೊಡಲಿ ಇಡುವ ಪದ್ಧತಿ ಇತ್ತು. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇಟ್ಟ ನಮ್ಮ ಅಜ್ಜಿಯರಿಗೆ ಇದು ವಿಚಿತ್ರ ಅನಿಸುತ್ತಿರಲಿಲ್ಲ ಬಿಡಿ.

ಅಟ್ಲಾಂಟಾ ಇರುವ ಇದೇ ಜಾರ್ಜಿಯಾ ರಾಜ್ಯದ ಆಲ್ಬನಿ ಊರಿನಲ್ಲಿ ಮೇರಿ ಕೋಲಿ ಅನ್ನುವವರು ಇದ್ದರು. ಮೂರು ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು. 1953ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಸೂಲಗಿತ್ತಿಯರ ತರಬೇತಿಗೆ ಅಂತ ತೆಗೆಸಿದ ಚಿತ್ರದಲ್ಲಿ ಅವರ ಕೆಲಸವನ್ನೇ ತೋರಿಸಿದ್ದಾರೆ. ಬಿಳಿ ಏಪ್ರನ್, ಬಿಳಿ ಟೋಪಿ, ಕೈಯಲ್ಲೊಂದು ಚೀಲ. ಅಷ್ಟು ಗೌರವದಿಂದ ತೋರಿಸಿದ ಅದೇ ವ್ಯವಸ್ಥೆ ಇನ್ನೊಂದು ಕೈಯಲ್ಲಿ ಇವರ ಬಾಗಿಲು ಮುಚ್ಚುತ್ತಾ ಬಂದಿತ್ತು. ತಾಯಿ-ಮಗುವಿನ ಆರೋಗ್ಯಕ್ಕೆ ಅಂತ ಬಂದ 1921ರ ಶೆಪರ್ಡ್-ಟೌನರ್ ಕಾನೂನಿನ ದುಡ್ಡಿನಲ್ಲಿ ತರಬೇತಿ, ನೋಂದಣಿ, ಚೀಲದ ತಪಾಸಣೆ ಶುರುವಾದವು. ಶುಚಿತ್ವ ಕಲಿಸಿದ್ದು ಒಳ್ಳೆಯದೇ. ಆದರೆ ಜೊತೆಗೇ ಇವರು ಕೊಳಕರು, ಮೂಢರು ಅನ್ನುವ ಪ್ರಚಾರವೂ ನಡೆಯಿತು. ಬರಬರುತ್ತಾ ಪರವಾನಗಿ ಕೊಡುವುದೇ ನಿಂತಿತು. ಪಕ್ಕದ ಅಲಬಾಮಾ 1976ರಲ್ಲಿ ಕಾನೂನು ಮಾಡಿ ಅವರ ಕೆಲಸವನ್ನೇ ನಿಲ್ಲಿಸಿತು. ಹೆರಿಗೆಯೆಲ್ಲ ಆಸ್ಪತ್ರೆಗೆ ಹೋಯಿತು. ಅದೂ ಎಂಥ ಆಸ್ಪತ್ರೆಗಳು? ಅದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೆ ಕಪ್ಪು ಜನರನ್ನು ಬೇರೆ ವಾರ್ಡಿನಲ್ಲಿ ಮಲಗಿಸಿದ, ಇಲ್ಲವೇ ಒಳಗೇ ಬಿಡದ ಆಸ್ಪತ್ರೆಗಳು.

ನಮ್ಮಲ್ಲಿ ಸೂಲಗಿತ್ತಿಯರನ್ನು ಯಾರೂ ಕಾನೂನು ಮಾಡಿ ಓಡಿಸಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಿಕ್ಕಿತು. ಅಜ್ಜಿಯಿಂದ ಕಲಿತು ಹದಿನೈದು ಸಾವಿರ ಹೆರಿಗೆ ಮಾಡಿಸಿದವರು ಅಂತ ಪತ್ರಿಕೆಗಳು ಬರೆದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮನೆಯಲ್ಲೇ ಹೆರಿಗೆ ಆಗಲಿ ಅಂತ ನಾನು ಹೇಳುತ್ತಿಲ್ಲ. ರಕ್ತ ಹೋಗಲು ಶುರುವಾದರೆ ಆಪರೇಷನ್ ಥಿಯೇಟರ್ ಬೇಕೇ ಬೇಕು. ನನ್ನ ತಕರಾರು ಬೇರೆ. ಸೂಲಗಿತ್ತಿ ಹೋದಾಗ ಅವಳ ಜೊತೆ ಇನ್ನೊಂದು ಹೋಯಿತು: ಹೆತ್ತವಳ ಮೇಲೆ ದಿನಾ ಕಣ್ಣಿಟ್ಟು, ಅವಳ ಪರವಾಗಿ ಮಾತಾಡುವ ಮನುಷ್ಯಳು. ನಮ್ಮಲ್ಲಿ ಆ ಜಾಗಕ್ಕೆ ಅಮ್ಮ ಬಂದಳು. ಇಲ್ಲಿನ ಕಪ್ಪು ಹೆಂಗಸರಲ್ಲಿ ಅಮ್ಮನೂ ಬೆಳಗಾದರೆ ಕೆಲಸಕ್ಕೆ ಹೋಗಬೇಕು. ಎಷ್ಟೋ ಮನೆಗಳಲ್ಲಿ ಆ ಜಾಗ ಹಾಗೇ ಖಾಲಿ ಉಳಿಯಿತು.

ಖಾಲಿ ಉಳಿದರೆ ಏನಾಗುತ್ತದೆ? 2021ರಲ್ಲಿ ಅಮೆರಿಕದ ಕಪ್ಪು ತಾಯಂದಿರಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ 69.9 ಸಾವು. ಕೋವಿಡ್ ವರ್ಷ ಅನ್ನಬಹುದು. 2023ರಲ್ಲಿ ಅದು 50.3ಕ್ಕೆ ಇಳಿಯಿತು. ಆದರೆ ಅದೇ ವರ್ಷ ಬಿಳಿಯರಲ್ಲಿ 14.5. ಅಂದರೆ ಮೂರು ಪಟ್ಟಿಗಿಂತ ಜಾಸ್ತಿ. ಕರ್ನಾಟಕದ ಸಂಖ್ಯೆ 2018-20ರಲ್ಲಿ 69 ಇತ್ತು. ಎರಡು ದೇಶದ ಲೆಕ್ಕದ ರೀತಿ ಬೇರೆ, ಅಕ್ಕಪಕ್ಕ ಇಟ್ಟು ತೂಗಬಾರದು, ಒಪ್ಪುತ್ತೇನೆ. ಆದರೂ ಪಾವಗಡದಂಥ ತಾಲ್ಲೂಕುಗಳೂ ಸೇರಿದ ಒಂದು ರಾಜ್ಯದ ಲೆಕ್ಕ ಮತ್ತು ಜಗತ್ತಿನಲ್ಲೇ ಆರೋಗ್ಯಕ್ಕೆ ಅತಿ ಹೆಚ್ಚು ದುಡ್ಡು ಸುರಿಯುವ ದೇಶದ ಒಂದು ಸಮುದಾಯದ ಲೆಕ್ಕ ಇಷ್ಟು ಹತ್ತಿರ ಬರುತ್ತದೆ ಅಂದರೆ ನಂಬಲು ಕಷ್ಟ ಅಲ್ವಾ?

ನಮ್ಮವರ ಪಾರ್ಟಿಗಳಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ. "ಅವರು ಓದಲ್ಲ, ತಿನ್ನೋದು ಸರಿ ಇಲ್ಲ, ಡಾಕ್ಟರ್ ಹತ್ರ ಹೋಗಲ್ಲ." ಈ ಉತ್ತರ ನಿಲ್ಲುವುದಿಲ್ಲ. ರೋಗ ನಿಯಂತ್ರಣಕ್ಕೆ ಇರುವ ಇಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿಯೇ 2019ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಕಾಲೇಜು ಪದವಿ ಪಡೆದ ಕಪ್ಪು ತಾಯಂದಿರ ಸಾವಿನ ಪ್ರಮಾಣ ಹೈಸ್ಕೂಲನ್ನೂ ಮುಗಿಸದ ಬಿಳಿ ತಾಯಂದಿರಿಗಿಂತ ಜಾಸ್ತಿ ಇತ್ತು.

ಆ ಸಿಡಿಸಿ ಇರುವುದು ನಮ್ಮ ಅಟ್ಲಾಂಟಾದಲ್ಲೇ. ಅಲ್ಲಿ ಶಾಲನ್ ಅರ್ವಿಂಗ್ ಎಂಬ ವಿಜ್ಞಾನಿ ಇದ್ದರು. ಕಪ್ಪು ಮಹಿಳೆ, ಡಾಕ್ಟರೇಟ್ ಪಡೆದವರು. ಸಮಾಜದ ಅಸಮಾನತೆ ಆರೋಗ್ಯವನ್ನು ಹೇಗೆ ಹಾಳು ಮಾಡುತ್ತದೆ ಅನ್ನುವುದೇ ಅವರ ಕೆಲಸದ ವಿಷಯ. 2017ರ ಜನವರಿಯಲ್ಲಿ ಹೆಣ್ಣು ಮಗು ಹೆತ್ತರು. ಆಮೇಲೆ ಬಿಪಿ ಏರಿತು, ಕಾಲು ಊದಿತು, ಏನೋ ಸರಿ ಇಲ್ಲ ಅನಿಸಿತು. ಮತ್ತೆ ಮತ್ತೆ ವೈದ್ಯರ ಬಳಿ ಹೋದರು. ಕೊನೆಯ ಸಲ ಮಾತ್ರೆ ಬರೆದು ಮನೆಗೆ ಕಳಿಸಿದ ದಿನವೇ ಕುಸಿದು ಬಿದ್ದರು. ಆಗ ಹೆರಿಗೆಯಾಗಿ ಮೂರು ವಾರ. ತಿಂಗಳು ಮುಗಿಯುವುದರೊಳಗೆ ಪ್ರಾಣ ಹೋಯಿತು. ವಯಸ್ಸು 36. ಅವರ ತಾಯಿ ವಾಂಡಾ ಅರ್ವಿಂಗ್ ಈಗ ಮಗಳ ಹೆಸರಿನಲ್ಲಿ ಸಂಸ್ಥೆ ಕಟ್ಟಿ ಇದೇ ವಿಷಯಕ್ಕೆ ಹೋರಾಡುತ್ತಿದ್ದಾರೆ.

ಅದೇ ವರ್ಷ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಕೂಡ ಹೆರಿಗೆಯ ಮರುದಿನ ಉಸಿರು ಕಟ್ಟಿ, "ನನಗೆ ಸಿಟಿ ಸ್ಕ್ಯಾನ್ ಮಾಡಿ" ಅಂತ ತಾನೇ ಕೇಳಬೇಕಾಯಿತು. ನೋವಿನ ಔಷಧಿಯ ಮಂಪರು ಇರಬಹುದು ಅಂತ ನರ್ಸ್ ಅಂದುಕೊಂಡಳಂತೆ. ಕೊನೆಗೆ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಷ್ಟು ದುಡ್ಡು, ಹೆಸರು ಇದ್ದವಳ ಮಾತಿಗೇ ಇಷ್ಟು ಬೆಲೆ.

ಕಪ್ಪು ಹೆಣ್ಣಿನ ನೋವನ್ನು ನಂಬದೆ ಇರುವುದು ಇಲ್ಲಿನ ವೈದ್ಯಕೀಯದಲ್ಲಿ ಹಳೆಯ ಚಾಳಿ. ಇಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆ ಹೋದರೆ ಅಲಬಾಮಾದ ಮಾಂಟ್ಗೊಮರಿ. 1840ರ ದಶಕದಲ್ಲಿ ಅಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಪ್ರಯೋಗ ಮಾಡಿದ. ಸ್ತ್ರೀರೋಗ ವೈದ್ಯಕೀಯದ ಪಿತಾಮಹ ಅನ್ನಿಸಿಕೊಂಡ. ಅವನ ಮೂರ್ತಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಹೋಗಿದ್ದು 2018ರಲ್ಲಿ. ಆ ಹೆಂಗಸರಲ್ಲಿ ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ನಮಗೆ ಉಳಿದಿವೆ. 2021ರಲ್ಲಿ ಮಿಶೆಲ್ ಬ್ರೌಡರ್ ಎಂಬ ಕಲಾವಿದೆ ಮಾಂಟ್ಗೊಮರಿಯಲ್ಲೇ ಈ ಮೂವರ ದೊಡ್ಡ ಲೋಹದ ಪ್ರತಿಮೆಗಳನ್ನು ನಿಲ್ಲಿಸಿದರು. ಹಳೆಯ ಕಥೆ ಅನ್ನಬೇಡಿ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿದಾಗ, ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಅರ್ಧದಷ್ಟು ಇದ್ದರು.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಸಿಡಿಸಿ ಪ್ರಕಾರ ಈ ದೇಶದಲ್ಲಿ ಬಸಿರು, ಹೆರಿಗೆಗೆ ಸಂಬಂಧಿಸಿದ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವುದು ಹೆರಿಗೆಯ ಏಳನೇ ದಿನದಿಂದ ಒಂದು ವರ್ಷದೊಳಗೆ. ಅಂದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಒಟ್ಟು ಸಾವುಗಳಲ್ಲಿ ಹತ್ತಕ್ಕೆ ಎಂಟು ತಪ್ಪಿಸಬಹುದಾದವು. ಇಲ್ಲಿ ಡಾಕ್ಟರ್ ತಾಯಿಯನ್ನು ಮತ್ತೆ ನೋಡುವುದು ವಾಡಿಕೆಯಂತೆ ಆರನೇ ವಾರಕ್ಕೆ. ಸರಿಯಾಗಿ ಆ ಆರು ವಾರಕ್ಕೇ ನಮ್ಮ ಬಾಣಂತನ ಇರುವುದು. "ನೋಡಿ, ನಮ್ಮ ಹಿರಿಯರು ಎಷ್ಟು ಬುದ್ಧಿವಂತರು" ಅಂತ ಎದೆ ತಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಿಕ್ಕಿಲ್ಲ.

ನಾನು ಅರ್ಧ ಮಾತ್ರ ತಟ್ಟುತ್ತೇನೆ. ಬಾಣಂತನದಲ್ಲಿ ಕಣ್ಣು ಇದೆ, ನಿಜ. ಆದರೆ ಕಿವಿ? ಎಣ್ಣೆ-ನೀರು, ಸಾಂಬ್ರಾಣಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು ಎಲ್ಲ ಹೊತ್ತು ಹೊತ್ತಿಗೆ ಬರುತ್ತದೆ. ಮಗಳು "ತಲೆ ಸಿಡೀತಿದೆ" ಅಂದರೆ ಮಾತ್ರ "ಗಾಳಿ ತಗುಲಿದೆ, ಕಿಟಕಿ ಮುಚ್ಚು" ಅನ್ನುವ ಉತ್ತರ. ಕಾಲು ಊದಿದರೆ "ನೀರು ಜಾಸ್ತಿ ಕುಡೀಬೇಡ." ಸುಮ್ನೆ ಕೂತು ಅತ್ತರೆ "ಬಾಣಂತಿ ಅಳಬಾರದು, ಸನ್ನಿ ಆಗುತ್ತೆ." ನನ್ನ ಪರಿಚಯದ ಹುಡುಗಿಯೊಬ್ಬಳಿಗೆ ಎರಡನೇ ವಾರ ಹೀಗೇ ತಲೆನೋವು ಬಂತು. ಮನೆಯವರು ಬಜೆ ಹಚ್ಚಿ ಮಲಗಿಸಿದರು. ಮಗುವಿನ ತೂಕ ಕೇಳಲು ಫೋನ್ ಮಾಡಿದ ಕಪ್ಪು ನರ್ಸ್ ಒಬ್ಬಳು, "ಅದಿರಲಿ, ನೀನು ಹೇಗಿದ್ದೀಯ?" ಅಂತ ಕೇಳಿದಳು. ತಲೆನೋವು ಅಂದ ಕೂಡಲೇ ಬಿಪಿ ನೋಡಿಸಿದಳು. ಮೇಲಿನ ಅಂಕಿ 160 ದಾಟಿತ್ತು. ಇಷ್ಟಾದರೆ ಕಾಯುವ ಹಾಗಿಲ್ಲ. ಹೆರಿಗೆ ಮುಗಿದ ಮೇಲೂ ಬಿಪಿ ಹೀಗೆ ಏರಿ ಫಿಟ್ಸ್, ಪಾರ್ಶ್ವವಾಯು ಆಗಬಹುದು ಅನ್ನುವುದು ನಮ್ಮಲ್ಲಿ ಎಷ್ಟು ಅಮ್ಮಂದಿರಿಗೆ ಗೊತ್ತು?

ಕಪ್ಪು ಹೆಂಗಸರು ಕಟ್ಟುತ್ತಿರುವ ಹೊಸ ಬಾಣಂತನ ಕಿವಿಯಿಂದಲೇ ಶುರುವಾಗುತ್ತದೆ. ಅಟ್ಲಾಂಟಾದಲ್ಲಿ ಬ್ಲ್ಯಾಕ್ ಮಾಮಾಸ್ ಮ್ಯಾಟರ್ ಅಲಯನ್ಸ್ ಅನ್ನುವ ಒಕ್ಕೂಟ ಇದೆ. 2018ರಿಂದ ಪ್ರತಿ ಏಪ್ರಿಲ್ 11ರಿಂದ 17ರವರೆಗೆ ಕಪ್ಪು ತಾಯಂದಿರ ಆರೋಗ್ಯ ಸಪ್ತಾಹ ನಡೆಸುತ್ತಾರೆ. ಡೌಲಾಗಳು, ಅಂದರೆ ಬಸಿರು-ಬಾಣಂತನದಲ್ಲಿ ಆಸರೆಯಾಗಿ ನಿಲ್ಲುವ ಹೆಂಗಸರು, ಬಸಿರಿನಲ್ಲೇ ಜೊತೆಯಾಗುತ್ತಾರೆ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ನಿಂತು, "ಅವಳು ನೋವು ಅನ್ನುತ್ತಿದ್ದಾಳೆ, ದಯವಿಟ್ಟು ಇನ್ನೊಮ್ಮೆ ನೋಡಿ" ಅಂತ ಕೇಳುತ್ತಾರೆ. ಹೆರಿಗೆ ಆದ ಮೇಲೆ ಮನೆಗೆ ಬಂದು ಸೊಪ್ಪು, ಗಂಜಿ ಬೇಯಿಸಿ ಹಾಕುತ್ತಾರೆ, ಹೊಟ್ಟೆಗೆ ಬಟ್ಟೆ ಬಿಗಿಯುತ್ತಾರೆ, ಬಿಪಿ ನೋಡುತ್ತಾರೆ. ಕೆಲವರು ತಮ್ಮ ಅಜ್ಜಿ, ಮುತ್ತಜ್ಜಿ ಗ್ರ್ಯಾನಿ ಮಿಡ್‌ವೈಫ್ ಆಗಿದ್ದರು ಅಂತ ಹೆಮ್ಮೆಯಿಂದ ಹೇಳುತ್ತಾರೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು, ಇದನ್ನು ಅವರು ಮನೆಯೊಳಗಿನ ವಿಷಯ ಅಂತ ಬಿಡಲಿಲ್ಲ. ಕೂಲಿ ಕೇಳಿದರು, ಕಾನೂನು ಕೇಳಿದರು. ಒರೆಗಾನ್, ಮಿನೆಸೋಟಾ ರಾಜ್ಯಗಳು ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್‌ನಿಂದ ಡೌಲಾಗೆ ದುಡ್ಡು ಕೊಡಲು ಮೊದಲೇ ಶುರು ಮಾಡಿದವು. ಬಾಣಂತಿಗೆ ಎರಡೇ ತಿಂಗಳಿಗೆ ಮುಗಿಯುತ್ತಿದ್ದ ಈ ವಿಮೆಯನ್ನು ಜಾರ್ಜಿಯಾ ಮೊದಲು ಆರು ತಿಂಗಳಿಗೆ, 2022ರಲ್ಲಿ ಒಂದು ವರ್ಷಕ್ಕೆ ಏರಿಸಿತು. ಹಟ ಹಿಡಿದು ಕೇಳಿದ್ದಕ್ಕೇ ಸಿಕ್ಕಿದ್ದು.

ನಮ್ಮ ಬಾಣಂತನ ನಿಂತಿರುವುದು ಯಾರ ಮೇಲೆ? ಅರವತ್ತು ದಾಟಿದ ಒಬ್ಬ ಅಮ್ಮನ ಮೇಲೆ. ಸಂಬಳ ಇಲ್ಲ, ರಜೆ ಇಲ್ಲ. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಇಟ್ಟುಕೊಂಡು ಬೆಳಗ್ಗೆ ಐದಕ್ಕೆ ಎದ್ದು ನೀರು ಕಾಯಿಸುತ್ತಾಳೆ. ವಿಸಿಟರ್ ವೀಸಾ ಸಿಕ್ಕರೆ ಬಾಣಂತನ, ಸಿಗದಿದ್ದರೆ ಇಲ್ಲ. ಅಮ್ಮ ಇಲ್ಲದವಳು, ಮನೆಯವರ ಜೊತೆ ಮಾತು ಬಿಟ್ಟು ಮದುವೆಯಾದವಳು ಏನು ಮಾಡಬೇಕು? ದೊಡ್ಡ ಸಂಪ್ರದಾಯ ಅಂತ ಹೇಳಿಕೊಂಡು ಅದನ್ನು ಇಷ್ಟು ಸಣ್ಣ ಕೊಂಡಿಗೆ ನೇತುಹಾಕಿದ್ದೇವೆ.

ಮಾತು ಕೇಳದೆ ಇರುವುದು ಅಮೆರಿಕದ ಬಿಳಿ ವೈದ್ಯರ ಕಾಯಿಲೆ ಮಾತ್ರ ಅಂತಲೂ ಅಂದುಕೊಳ್ಳಬೇಡಿ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತುಂಬು ಗರ್ಭಿಣಿಯೊಬ್ಬಳನ್ನು ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು ಅನ್ನುವ ದೂರು ಬಂತು. ಅವಳು ಮನೆಯಲ್ಲೇ ಅವಳಿ ಮಕ್ಕಳ ಜೊತೆ ಸತ್ತಳು. ತಮಿಳುನಾಡಿನಿಂದ ಬಂದ ಬಡ ಹೆಂಗಸು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆ ಅನುಮಾನ ಬಿತ್ತು. ಇಲ್ಲಿ ಬಣ್ಣ ನೋಡಿ ಕಿವಿ ಮುಚ್ಚುತ್ತಾರೆ. ಅಲ್ಲಿ ಜಾತಿ, ಭಾಷೆ, ಕೈಯಲ್ಲಿರುವ ಕಾರ್ಡ್.

ಆದರೆ ಅಮೆರಿಕಕ್ಕೆ ಇಲ್ಲದ ಒಂದು ವ್ಯವಸ್ಥೆ ಕರ್ನಾಟಕದಲ್ಲಿ ಇದೆ, ನಾವು ಅದರ ಬಗ್ಗೆ ಬಾಯೇ ಬಿಡುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ತಾಯಿ-ಮಗುವನ್ನು ಮನೆಗೇ ಹೋಗಿ ನೋಡಬೇಕು. ಪರಿಚಯದ ಡೌಲಾ ಒಬ್ಬರಿಗೆ ಇದನ್ನು ಹೇಳಿದಾಗ ಕಾಗದದಲ್ಲಿ ದಿನಗಳನ್ನು ಬರೆದುಕೊಂಡರು. ಇಡೀ ದೇಶಕ್ಕೆ ಇಂಥದ್ದು ಇರಲಿ ಅಂತ ಅವರು ಕೇಳುತ್ತಿದ್ದಾರೆ. ಆಮೇಲೆ, ಇದಕ್ಕೆ ಎಷ್ಟು ಕೊಡುತ್ತಾರೆ ಅಂತ ಕೇಳಿದರು. ಆರು ಭೇಟಿಗೆ ಒಟ್ಟು 250 ರೂಪಾಯಿ. ಸುಮಾರು ಮೂರು ಡಾಲರ್ ಅಂತ ಲೆಕ್ಕ ಮಾಡಿ ಹೇಳಿದೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಆಶಾ ಕಾರ್ಯಕರ್ತೆಯರು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ನಮ್ಮ ಕನ್ನಡ ಕೂಟಗಳು ಊರಿಗೆ ದಾನ ಕಳಿಸುವಾಗ, ಊರಿನ ಮಂತ್ರಿಗಳನ್ನು ಇಲ್ಲಿಗೆ ಕರೆಸಿ ಶಾಲು ಹೊದಿಸುವಾಗ, ಈ ಬೇಡಿಕೆಯನ್ನು ಅವರ ಮುಂದೆ ಇಡಬಹುದು. ಖರ್ಚೇನೂ ಇಲ್ಲ.