ಎದೆಯ ಗಂಟಿಗೆ ಮೊದಲು ಸೂಜಿ, ಆಪರೇಷನ್ ಆಮೇಲೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರೆಲ್ಲ ಸೇರಿದರೆ ಇಲ್ಲಿನ ಆಸ್ಪತ್ರೆಗಳನ್ನು ಬೈಯುವುದು ಇದ್ದೇ ಇದೆ. ಎಲ್ಲದಕ್ಕೂ ಕಾಯಬೇಕು ಅಂತ. ನಾನೂ ಬೈಯುತ್ತೇನೆ. ಆದರೆ ಎದೆಯಲ್ಲಿ ಗಂಟು ಸಿಕ್ಕಿದರೆ ಇಲ್ಲಿಯವರು ಹಿಡಿಯುವ ದಾರಿ ನನಗೆ ಇಷ್ಟ.

ಭಾರತದಿಂದ ಗೆಳತಿಯರು ಫೋನ್ ಮಾಡಿದಾಗ ಕೇಳುವ ಪ್ರಶ್ನೆ ಒಂದೇ: "ಗಂಟು ಇದೆಯಂತೆ ಕಣೇ, ತೆಗೆಸಿಬಿಡಲಾ?" ಏನು ಗಂಟು ಅಂತ ಇನ್ನೂ ಗೊತ್ತಾಗಿರುವುದಿಲ್ಲ, ಆಪರೇಷನ್ ದಿನ ಮಾತ್ರ ಗೊತ್ತಾಗಿರುತ್ತದೆ!

ಇಲ್ಲಿ 30 ದಾಟಿದವರಿಗೆ ಕಾರಣ ತಿಳಿಯದ ಗಂಟು ಇದ್ದರೆ ಜಿಪಿ, ಅಂದರೆ ಮೊದಲು ನೋಡುವ ನಮ್ಮ ಮಾಮೂಲಿ ಡಾಕ್ಟರು, ಸ್ತನ ಕ್ಲಿನಿಕ್ಕಿಗೆ ಬೇಗ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದನ್ನು 28 ದಿನದೊಳಗೆ ಹೇಳಬೇಕು ಅನ್ನುವುದು ಗುರಿ. ಎಲ್ಲರಿಗೂ ಹಾಗೆ ಆಗುವುದಿಲ್ಲ, ಅದು ಬೇರೆ ಮಾತು. ಕ್ಲಿನಿಕ್ಕಿನಲ್ಲಿ ಮೊದಲು ಕೈಯಿಂದ ಮುಟ್ಟಿ ನೋಡುತ್ತಾರೆ, ಆಮೇಲೆ 40ರೊಳಗಿನವರಿಗೆ ಅಲ್ಟ್ರಾಸೌಂಡ್, ದಾಟಿದವರಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಕೂಡ, ಬೇಕೆನಿಸಿದರೆ ಆಗಲೇ ಸೂಜಿಯಿಂದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಎಷ್ಟೋ ಕಡೆ ಇಷ್ಟೂ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಮೂರೂ ಒಂದೇ ಮಾತು ಹೇಳಬೇಕು. ಒಂದು ಕೊಂಕು ನುಡಿದರೂ ಮತ್ತೆ ನೋಡುತ್ತಾರೆ.

ಈ ಮೂರೂ ಪರೀಕ್ಷೆ ಭಾರತದಲ್ಲಿ ಇಲ್ಲವಾ? ಇವೆ. ಸ್ಕ್ಯಾನಂತೂ ಎಷ್ಟೋ ಸಲ ಅವತ್ತೇ ಆಗಿಬಿಡುತ್ತದೆ. ಆದರೆ ಒಂದೊಂದೂ ಒಂದೊಂದು ಕಡೆ, ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವವರು ಸಿಗುವವರೆಗೆ ರಿಪೋರ್ಟ್ ಹಿಡಿದು ನಾವೇ ಓಡಾಡಬೇಕು. ರಿಪೋರ್ಟಿನಲ್ಲಿ 'ಬೈರಾಡ್ಸ್ 3' ಅಂತ ಇದ್ದರೆ ಮೂರನೇ ಹಂತದ ಕ್ಯಾನ್ಸರ್ ಅಂದುಕೊಂಡು ಅತ್ತವರಿದ್ದಾರೆ. ಅದು ಕ್ಯಾನ್ಸರಿನ ಹಂತವೇ ಅಲ್ಲ, ಸ್ಕ್ಯಾನ್ ನೋಡಿ ಕೊಡುವ ಅಂಕ. ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡನ್ನು ಮೀರದು, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ ಅಂತ ಅರ್ಥ, ಅಷ್ಟೇ.

ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ ಕಾಣುವುದು ಫೈಬ್ರೋಅಡಿನೋಮ, ನುಣ್ಣಗೆ, ಬೆರಳಿಗೆ ಸಿಕ್ಕಿ ಜಾರಿಕೊಳ್ಳುವ ಗಂಟು. ಪರೀಕ್ಷೆಯಲ್ಲಿ ಅದೇ ಅಂತ ಖಚಿತವಾದರೆ ಚಿಕ್ಕದನ್ನು ಸುಮ್ನೆ ಬಿಡುತ್ತಾರೆ. ದೊಡ್ಡದಾದರೆ, ಬೆಳೆಯುತ್ತಿದ್ದರೆ, ಅಥವಾ ಗಂಟು ಇರುವುದೇ ಬೇಡ ಅಂತ ಅವಳಿಗೇ ಅನಿಸಿದರೆ ಮಾತ್ರ ತೆಗೆಯುವುದು. ಇಪ್ಪತ್ತರ ಹುಡುಗಿಗೆ ಬೇಡದ ಕಲೆ ಯಾಕೆ ಹೇಳಿ? ನಲವತ್ತರ ಆಸುಪಾಸಿನಲ್ಲಿ ಬರುವುದು ಹೆಚ್ಚಾಗಿ ನೀರುಗುಳ್ಳೆ, ಅಂದರೆ ಸಿಸ್ಟ್. ನೋವು ಕೊಟ್ಟರೆ ಸೂಜಿಯಲ್ಲಿ ನೀರು ಎಳೆದರೆ ಆಯಿತು. ಬಂದ ನೀರಿನಲ್ಲಿ ರಕ್ತ ಇದ್ದರೆ ಲ್ಯಾಬಿಗೆ ಹೋಗುತ್ತದೆ.

ಇನ್ನು ಮುಟ್ಟಿಗೆ ಮುಂಚೆ ಎರಡೂ ಸ್ತನಗಳಲ್ಲಿ ಬರುವ ನೋವು. ಬರೀ ನೋವಿದ್ದು ಬೇರೇನೂ ಇಲ್ಲದಿದ್ದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ಇಲ್ಲಿ ಸರಿಯಾದ ಅಳತೆಯ ಬ್ರಾ, ಪ್ಯಾರಾಸಿಟಮಾಲ್ ಅಥವಾ ಹಚ್ಚುವ ಐಬುಪ್ರೊಫೆನ್ ಜೆಲ್ ಹೇಳಿ ಕಳಿಸುತ್ತಾರೆ. ಭಾರತದಲ್ಲಿ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಮಾತ್ರೆ ಇವತ್ತಿಗೂ ಬರೆದುಕೊಡುತ್ತಾರೆ. ಪರೀಕ್ಷಿಸಿ ನೋಡಿದಾಗ ಅದರಿಂದ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ, ಹಾಗಾಗಿ ಬ್ರಿಟನ್ನಿನಲ್ಲಿ ಸ್ತನದ ನೋವಿನ ಔಷಧಿಯಾಗಿ ಅದಕ್ಕಿದ್ದ ಲೈಸೆನ್ಸನ್ನು 2002ರಲ್ಲೇ ಹಿಂದಕ್ಕೆ ಪಡೆದರು.

ಎಲ್ಲದರಲ್ಲೂ ಇಲ್ಲಿಯವರೇ ಜಾಣರು ಅಂತಲ್ಲ. ಹಾಲೂಡಿಸುವ ತಾಯಿಗೆ ಎದೆ ಕೆಂಪಾಗಿ ಬಾತು ಜ್ವರ ಬಂದರೆ ಎರಡೂ ದೇಶಗಳಲ್ಲಿ ಹೇಳುವುದು ಒಂದೇ: ಹಾಲೂಡಿಸುವುದನ್ನು ನಿಲ್ಲಿಸಬೇಡಿ, ಕಡಿಮೆಯಾಗದಿದ್ದರೆ ಆಂಟಿಬಯಾಟಿಕ್, ಕೀವು ಕಟ್ಟಿದರೆ ಸ್ಕ್ಯಾನ್ ನೋಡಿಕೊಂಡು ಸೂಜಿಯಲ್ಲಿ ತೆಗೆಯುವುದು. ಆದರೆ ಕೀವುಗಟ್ಟಿದ ಗಾಯ ವಾರಗಟ್ಟಲೆ ಮಾಯದಿದ್ದರೆ ಭಾರತದ ಡಾಕ್ಟರಿಗೆ ಟಿಬಿ ಇರಬಹುದಾ ಅಂತ ಬೇಗ ಹೊಳೆಯುತ್ತದೆ. ಟಿಬಿ ಅಷ್ಟಾಗಿ ನೋಡದವರಿಗೆ ಹೊಳೆಯುವುದು ತಡ.

ತೊಟ್ಟಿನಿಂದ ನೀರೋ ರಕ್ತವೋ ಬರುವುದಕ್ಕೆ ಮಾತ್ರ ಎಲ್ಲೇ ಇರಿ, ಉದಾಸೀನ ಬೇಡ. ಹಿಂಡಿದಾಗ ಎರಡೂ ಕಡೆ ಹಸಿರು, ಕಂದು ಬಣ್ಣದ್ದು ಬಂದರೆ ಹೆಚ್ಚಿನ ಸಲ ಹಾಲಿನ ನಾಳ ಅಗಲವಾಗಿರುತ್ತದೆ ಅಷ್ಟೇ. ಒಂದೇ ಕಡೆ, ತಾನಾಗಿಯೇ, ರಕ್ತದಂಥದ್ದು ಬಂದರೆ ಬೇಗ ತೋರಿಸಬೇಕು. ತೊಟ್ಟು ಹೊಸದಾಗಿ ಒಳಗೆ ಸೇದಿಕೊಂಡರೆ, ಚರ್ಮ ಗುಳಿ ಬಿದ್ದರೆ, ತೊಟ್ಟಿನ ಮೇಲೆ ಇಸುಬಿನಂಥದ್ದು ಎದ್ದರೆ ಕೂಡ. ಗಂಡಸರಿಗೂ ಈ ಮಾತು ಸೇರಿದ್ದು, ಸ್ತನ ಕ್ಯಾನ್ಸರ್ ಬರುವವರಲ್ಲಿ ನೂರಕ್ಕೆ ಸುಮಾರು ಒಬ್ಬರು ಅವರೇ.

ನಮ್ಮವರು ಭಾರತದ ಬಗ್ಗೆ ಮೂಗು ಮುರಿಯುವುದು ತಪಾಸಣೆಯ ವಿಷಯಕ್ಕೆ. ಇಲ್ಲಿ 50ರಿಂದ 71ರೊಳಗಿನವರಿಗೆ ಮೂರು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂಗೆ ಕಾಗದ ಬರುತ್ತದೆ, ಅಮೆರಿಕದಲ್ಲಿ 2024ರಿಂದ 40ಕ್ಕೇ ಶುರು ಮಾಡಿ ಎರಡು ವರ್ಷಕ್ಕೊಮ್ಮೆ ಮಾಡಿಸಿ ಅನ್ನುತ್ತಾರೆ, ಭಾರತದಲ್ಲಿ ನೋಡಿದರೆ 30 ದಾಟಿದವರಿಗೆ ಆರೋಗ್ಯ ಕಾರ್ಯಕರ್ತೆ ಐದು ವರ್ಷಕ್ಕೊಮ್ಮೆ ಬರೀ ಕೈಯಲ್ಲಿ ಮುಟ್ಟಿ ನೋಡುವುದು, ಅಷ್ಟೇನಾ ಅಂತ. ಅಷ್ಟೇನಾ ಅನ್ನಬೇಡಿ. ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದವರ ಕೈ ಮುಟ್ಟಿ ನೋಡಿದ್ದಕ್ಕೇ ಕ್ಯಾನ್ಸರ್ ಮುಂಚಿನ ಹಂತದಲ್ಲಿ ಸಿಕ್ಕಿತು, 50 ದಾಟಿದವರಲ್ಲಿ ಅದರಿಂದಾಗುವ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. ಐವತ್ತರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು.

ಇಲ್ಲಿರುವ ನಮ್ಮ ಹೆಂಗಸರಲ್ಲಿ ನನಗೆ ಸಿಟ್ಟು ಬರಿಸುವುದು ಇನ್ನೊಂದು. ನಲವತ್ತೆರಡಕ್ಕೆ ಗಂಟು ಸಿಕ್ಕಿರುತ್ತದೆ, "ಐವತ್ತಕ್ಕೆ ಕಾಗದ ಬರುತ್ತಲ್ಲ, ಆಗ ನೋಡೋಣ" ಅನ್ನುತ್ತಾರೆ. ಆ ಕಾಗದ ಏನೂ ತೊಂದರೆ ಕಾಣದವರಿಗೆ ರೀ. ಗಂಟು ಕೈಗೆ ಸಿಕ್ಕವರು ಜಿಪಿಗೆ ಈ ವಾರವೇ ಫೋನ್ ಮಾಡಬೇಕು, ಹೋದ ವರ್ಷದ ಮ್ಯಾಮೊಗ್ರಾಂ ಚೆನ್ನಾಗಿಯೇ ಬಂದಿದ್ದರೂ.